ಗುಂಪಿನಲ್ಲಿದ್ದೂ ಒಂಟಿಯಾದ ಗಂಡಸರಿಗೆ: ಮನಸ್ಸು ಬಿಚ್ಚಿ ಮಾತಾಡಲು ಕಲಿಯುವ ಹೆಜ್ಜೆಗಳು

ಸಂಜೆ ಹೊತ್ತು ಹುಬ್ಬಳ್ಳಿಯ ದುರ್ಗದ ಬೈಲಿಗೆ ಹೋದರೆ ಗಂಡಸರ ಗುಂಪಿಗೆ ಬರವಿಲ್ಲ. ಗಿರಮಿಟ್ಟು, ಮಿರ್ಚಿ ತಿನ್ನುತ್ತಾ ಕ್ರಿಕೆಟ್, ರಾಜಕೀಯ, ಪ್ಲಾಟಿನ ರೇಟು, ಮಳೆ ಎಲ್ಲವೂ ಮಾತಾಗುತ್ತದೆ. ಹಾವೇರಿ ಕಡೆ ಹಳ್ಳಿಯ ಕಟ್ಟೆಯಲ್ಲೂ ಅಷ್ಟೇ, ಗದಗದ ಚಹಾದಂಗಡಿಯಲ್ಲೂ ಅಷ್ಟೇ. ಆದರೆ ಆ ಗುಂಪಿನಲ್ಲಿ ಒಬ್ಬನಿಗೆ ಎರಡು ತಿಂಗಳಿಂದ ಸರಿಯಾಗಿ ನಿದ್ದೆ ಇಲ್ಲ ಎನ್ನುವುದು ಉಳಿದವರಿಗೆ ಗೊತ್ತಿರುವುದಿಲ್ಲ. ಇಪ್ಪತ್ತು ವರ್ಷದ ಗೆಳೆತನ ಇದ್ದರೂ ಗೊತ್ತಿರುವುದಿಲ್ಲ. ಅವನು ಹೇಳುವುದಿಲ್ಲ, ಇವರು ಕೇಳುವುದಿಲ್ಲ.

ಇದು ಯಾರೋ ಒಬ್ಬರ ತಪ್ಪಲ್ಲ. ಐದು ವರ್ಷದ ಹುಡುಗ ಬಿದ್ದು ಮೊಣಕಾಲು ಕೆತ್ತಿಕೊಂಡು ಅತ್ತರೆ ಮನೆಯಲ್ಲಿ ಮೊದಲು ಕೇಳುವ ಮಾತು, "ಗಂಡ್ಸಾಗಿ ಅಳ್ತಿಯೇನೋ?" ಹತ್ತನೇ ಕ್ಲಾಸಿಗೆ ಬರುವ ಹೊತ್ತಿಗೆ ಆ ಹುಡುಗನ ಅಳು ನಿಂತಿರುತ್ತದೆ. ಅಳುವಿನ ಜೊತೆಗೆ ಅಂಜಿಕೆ, ಸೋಲು, ನಾಚಿಕೆ, ಪ್ರೀತಿ ಇವನ್ನೆಲ್ಲ ಬಾಯಿಬಿಟ್ಟು ಹೇಳುವ ಅಭ್ಯಾಸವೂ ನಿಂತಿರುತ್ತದೆ. ಸಿಟ್ಟು ಮತ್ತು ಚೇಷ್ಟೆ ಎರಡಕ್ಕೆ ಮಾತ್ರ ಪರವಾನಗಿ ಉಳಿಯುತ್ತದೆ. ಆಮೇಲೆ ಎಲ್ಲ ಭಾವನೆಯೂ ಆ ಎರಡು ಬಾಗಿಲಿನಿಂದಲೇ ಹೊರಗೆ ಬರಬೇಕು.

ನಮ್ಮದು ಗಂಡು ಮೆಟ್ಟಿದ ನಾಡು ಎನ್ನುತ್ತೇವೆ. ಆ ಹೆಮ್ಮೆ ನನಗೂ ಇದೆ. ಆದರೆ ಆ ಹೆಮ್ಮೆಯ ಬೆನ್ನಿಗೆ, ನೋವು ಹೇಳಿಕೊಂಡರೆ ಗಂಡಸುತನ ಹೋಯಿತು ಎಂಬ ನಂಬಿಕೆಯೂ ಅಂಟಿಕೊಂಡಿದೆ. ಅದು ಸಣ್ಣ ವಿಷಯ ಅಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕದಂತೆ 2022ರಲ್ಲಿ ದೇಶದಲ್ಲಿ 1,70,924 ಮಂದಿ ಆತ್ಮಹತ್ಯೆ ಮಾಡಿಕೊಂಡರು. ಅವರಲ್ಲಿ 1,22,724 ಮಂದಿ ಗಂಡಸರು. ಹತ್ತರಲ್ಲಿ ಏಳಕ್ಕಿಂತ ಜಾಸ್ತಿ. ಎಲ್ಲಕ್ಕೂ ಮೌನವೇ ಕಾರಣ ಎಂದು ನಾನು ಹೇಳುವುದಿಲ್ಲ. ಸಾಲ ಇದೆ, ಬರ ಇದೆ, ಕಾಯಿಲೆ ಇದೆ, ಮನೆಯ ಜಗಳ ಇದೆ. ಆದರೆ ಅದೇ ಸಾಲವನ್ನು ಒಬ್ಬರಿಗಾದರೂ ಹೇಳಿಕೊಂಡು ಹೊರುವವನಿಗೂ, ಯಾರಿಗೂ ಹೇಳದೆ ಹೊರುವವನಿಗೂ ವ್ಯತ್ಯಾಸ ಬಹಳ.

ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ 1938ರಲ್ಲಿ ಶುರುವಾದ ಒಂದು ಅಧ್ಯಯನ ಇದೆ. ಅಲ್ಲಿನ 268 ವಿದ್ಯಾರ್ಥಿಗಳನ್ನೂ, ಬಾಸ್ಟನ್ ನಗರದ ಬಡ ಕೇರಿಗಳ 456 ಹುಡುಗರನ್ನೂ ಸಂಶೋಧಕರು ಜೀವನದುದ್ದಕ್ಕೂ ಗಮನಿಸುತ್ತಾ ಬಂದರು. ಎಲ್ಲರೂ ಗಂಡಸರು. 50ನೇ ವಯಸ್ಸಿನಲ್ಲಿ ಯಾರಿಗೆ ತಮ್ಮ ಹತ್ತಿರದ ಸಂಬಂಧಗಳಲ್ಲಿ ಸಮಾಧಾನ ಇತ್ತೋ ಅವರೇ 80ರಲ್ಲಿ ಹೆಚ್ಚು ಆರೋಗ್ಯವಾಗಿದ್ದರು. ದುಡ್ಡು, ಹೆಸರು ಅಷ್ಟು ಕೆಲಸ ಮಾಡಲಿಲ್ಲ.

ಹಾಗಾದರೆ ನಮ್ಮ ಗಂಡಸರಿಗೆ ಭಾವನೆಯೇ ಇಲ್ಲವೇ? ಆ ಮಾತನ್ನು ನಾನು ಒಪ್ಪುವುದಿಲ್ಲ. ಹಾವೇರಿ ಜಿಲ್ಲೆಯಲ್ಲಿ ಹೋರಿ ಹಬ್ಬದಲ್ಲಿ ಹೆಸರು ಮಾಡಿದ ಒಂದು ಹೋರಿ ಸತ್ತರೆ ಏನಾಗುತ್ತದೆ ನೋಡಿ. ಹೂವಿನ ಹಾರ ಹಾಕಿ ಮೆರವಣಿಗೆ ಮಾಡುತ್ತಾರೆ. ಗಟ್ಟಿಮುಟ್ಟಾದ ಗಂಡಸರು ಅದರ ಕೊರಳು ತಬ್ಬಿಕೊಂಡು ಬಿಕ್ಕಿ ಬಿಕ್ಕಿ ಅಳುತ್ತಾರೆ. ಯಾರೂ ನಗುವುದಿಲ್ಲ. ಮೊಹರಂನಲ್ಲಿ ರಿವಾಯತ್ ಪದ ಹಾಡುವಾಗ ಕರ್ಬಲಾದ ದುಃಖಕ್ಕೆ ಹಾಡುವವರ ಗಂಟಲು ಕಟ್ಟುತ್ತದೆ, ಅದನ್ನೂ ಯಾರೂ ಆಡಿಕೊಳ್ಳುವುದಿಲ್ಲ. ಧಾರವಾಡದ ಸಾಧನಕೇರಿಯ ದ.ರಾ. ಬೇಂದ್ರೆ ಮಕ್ಕಳನ್ನು ಕಳೆದುಕೊಂಡ ಅಪ್ಪ. ಆ ಸಂಕಟವನ್ನು ಅವರು ಮುಚ್ಚಿಡಲಿಲ್ಲ, ಪದ್ಯವಾಗಿ ಎಲ್ಲರ ಮುಂದೆ ಇಟ್ಟರು. 1922ರ ಸುಮಾರಿಗೆ ಅವರ ಸುತ್ತ ಕಟ್ಟಿಕೊಂಡ ಗೆಳೆಯರ ಗುಂಪಿನಲ್ಲಿ ಶಂ.ಬಾ. ಜೋಶಿ, ಬೆಟಗೇರಿ ಕೃಷ್ಣಶರ್ಮ, ವಿ.ಕೃ. ಗೋಕಾಕರಂಥವರು ಇದ್ದರು. ಗಂಡಸರು ಮನಸ್ಸು ಬಿಚ್ಚುವುದು ಈ ನೆಲಕ್ಕೆ ಹೊಸದಲ್ಲ. ಹೋರಿಗಾಗಿ ಅಳಬಹುದು, ದೇವರ ಮುಂದೆ ಅಳಬಹುದು, ಪದ್ಯದಲ್ಲಿ ಅಳಬಹುದು. ತನ್ನ ಸಂಕಟವನ್ನು ಗೆಳೆಯನ ಮುಂದೆ ಹೇಳುವುದು ಮಾತ್ರ ಬಾಕಿ ಉಳಿದಿದೆ. ಅದನ್ನು ಕಲಿಯಬಹುದು.

ಮೊದಲ ಹೆಜ್ಜೆ: ಎರಡು ಪಟ್ಟಿ ಬರೆಯಿರಿ

ಒಂದು ಹಾಳೆ ತೆಗೆದುಕೊಳ್ಳಿ. ಎಡಕ್ಕೆ, ರಾತ್ರಿ ಎರಡು ಗಂಟೆಗೆ ಫೋನ್ ಮಾಡಿದರೆ ಗಾಡಿ ತೆಗೆದುಕೊಂಡು ಆಸ್ಪತ್ರೆಗೆ ಓಡಿ ಬರುವವರ ಹೆಸರು ಬರೆಯಿರಿ. ಬಲಕ್ಕೆ, "ನನಗ ಅಂಜಿಕಿ ಆಗೈತಿ" ಎಂದು ಹೇಳಲು ಸಾಧ್ಯವಿರುವವರ ಹೆಸರು ಬರೆಯಿರಿ.

ನಮ್ಮ ಕಡೆಯ ಗಂಡಸರ ಎಡ ಪಟ್ಟಿ ಉದ್ದ ಇರುತ್ತದೆ. ರಕ್ತ ಬೇಕೆಂದರೆ ಕೊಡುತ್ತಾರೆ, ಮದುವೆ ಎಂದರೆ ಮೂರು ದಿನ ಮೊದಲೇ ಬಂದು ಚಪ್ಪರ ಹಾಕುತ್ತಾರೆ, ಮಣ್ಣಿಗೆ ಹೋಗುವುದನ್ನು ತಪ್ಪಿಸುವುದಿಲ್ಲ. ಇದು ದೊಡ್ಡ ಆಸ್ತಿ. ಬಲ ಪಟ್ಟಿ ಖಾಲಿ ಇರಬಹುದು. ಅಥವಾ ಹೆಂಡತಿಯ ಹೆಸರು ಒಂದೇ ಇರಬಹುದು.

ಒಂದೇ ಹೆಸರು ಇದ್ದರೆ ಸ್ವಲ್ಪ ಯೋಚಿಸಿ. ಮನೆ, ಮಕ್ಕಳು, ಅತ್ತೆ ಮಾವ, ಜೊತೆಗೆ ನಿಮ್ಮ ಮನಸ್ಸಿನ ಪೂರ್ತಿ ಭಾರ, ಎಲ್ಲವನ್ನೂ ಅವರೊಬ್ಬರೇ ಹೊರುತ್ತಿದ್ದಾರೆ. ಅವರ ಜೊತೆಗೇ ಜಗಳವಾದ ದಿನ ನಿಮಗೆ ಯಾರೂ ಇಲ್ಲ. ಹೆಂಡತಿ ತೀರಿಕೊಂಡ ಮೇಲೆ ಅನೇಕ ಹಿರಿಯರು ಒಮ್ಮೆಲೇ ಕುಸಿಯುವುದಕ್ಕೆ ಇದೂ ಒಂದು ಕಾರಣ. ಹಾಗಾಗಿ ಬಲ ಪಟ್ಟಿಗೆ ಇನ್ನೊಂದು ಹೆಸರು ಸೇರಿಸುವುದು ನಿಮ್ಮ ಗುರಿ. ಒಂದು ಸಾಕು.

ಎರಡನೇ ಹೆಜ್ಜೆ: ನಿಮಗೆ ಏನಾಗಿದೆ ಎಂದು ಮೊದಲು ನೀವು ತಿಳಿಯಿರಿ

"ತಲಿ ಕೆಟ್ಟೈತಿ." ಸಾಲಗಾರ ಬಂದಾಗಲೂ ಇದೇ, ಮಗ ಫೇಲಾದಾಗಲೂ ಇದೇ, ಅವ್ವನಿಗೆ ಹುಷಾರಿಲ್ಲದಾಗಲೂ ಇದೇ. ಒಳಗೆ ಇರುವುದು ಮಾತ್ರ ಬೇರೆ ಬೇರೆ. ಒಂದು ಕಡೆ ನಾಚಿಕೆ, ಇನ್ನೊಂದು ಕಡೆ ನಿರಾಸೆ, ಮತ್ತೊಂದು ಕಡೆ ಅಂಜಿಕೆ. ಹೊರಗೆ ಎಲ್ಲವೂ ಸಿಟ್ಟಿನ ಹಾಗೆ ಕಾಣುತ್ತವೆ, ಅಲ್ವಾ?

ಮೈಯಿಂದ ಶುರು ಮಾಡಿ. ಅದು ಸುಲಭ. ಎದೆ ಭಾರವೇ? ಹೊಟ್ಟೆಯಲ್ಲಿ ಸಂಕಟವೇ? ದವಡೆ ಬಿಗಿದಿದೆಯೇ? ಇದು ಯಾವಾಗಿನಿಂದ? ಆ ದಿನ ಏನಾಯಿತು, ಯಾರು ಏನೆಂದರು? ಹಾಗೆ ಹಿಂದಕ್ಕೆ ಹೋದರೆ ಮೂಲ ಸಿಗುತ್ತದೆ.

ಬಾಯಲ್ಲಿ ಬರದಿದ್ದರೆ ಬರೆಯಿರಿ. ಅಮೆರಿಕದ ಮನಃಶಾಸ್ತ್ರಜ್ಞ ಜೇಮ್ಸ್ ಪೆನ್ನಿಬೇಕರ್ 1986ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ ವಿದ್ಯಾರ್ಥಿಗಳಿಗೆ ನಾಲ್ಕು ದಿನ, ದಿನಕ್ಕೆ 15 ನಿಮಿಷ ತಮ್ಮ ಬದುಕಿನ ನೋವಿನ ಸಂಗತಿ ಬರೆಯಲು ಹೇಳಿದ್ದರು. ಬರೆಯುವಾಗ ಅವರಿಗೆ ಬೇಸರ ಜಾಸ್ತಿಯೇ ಆಯಿತು. ಆದರೆ ನಡೆದದ್ದನ್ನೂ, ಅದರಿಂದ ತಮಗೆ ಏನನಿಸಿತು ಎಂಬುದನ್ನೂ ಕೂಡಿಸಿ ಬರೆದವರು ಮುಂದಿನ ತಿಂಗಳುಗಳಲ್ಲಿ ಆರೋಗ್ಯ ಕೇಂದ್ರಕ್ಕೆ ಹೋಗುವುದು ಕಡಿಮೆಯಾಯಿತು. ನಡೆದದ್ದು ಮಾತ್ರ ಬರೆದವರಿಗೆ ಆ ಲಾಭ ಸಿಗಲಿಲ್ಲ. ನಮ್ಮಲ್ಲಿ ಗಂಡಸರು ಘಟನೆ ಚೆನ್ನಾಗಿ ಹೇಳುತ್ತಾರೆ. ಮೆಣಸಿನಕಾಯಿ ರೇಟು ಬಿತ್ತು, ಬ್ಯಾಡಗಿಗೆ ಒಯ್ದ ಚೀಲದ ಬಾಡಿಗೆಯೂ ಹುಟ್ಟಲಿಲ್ಲ, ಇಷ್ಟು ಹೇಳಿ ನಿಲ್ಲಿಸುತ್ತಾರೆ. ಅದರ ಮುಂದಿನ ಒಂದು ವಾಕ್ಯ ಬೇಕು: "ಮನಿಗೆ ಹೋಗಿ ಮಕ್ಕಳ ಮಾರಿ ನೋಡಾಕ ನಾಚಿಕಿ ಬಂತು." ಆ ವಾಕ್ಯವನ್ನು ಬರೆಯಿರಿ. ಬರೆದ ಹಾಳೆ ಹರಿದು ಹಾಕಿದರೂ ನಡೆಯುತ್ತದೆ.

ಮೂರನೇ ಹೆಜ್ಜೆ: ಒಬ್ಬರನ್ನು ಆರಿಸಿಕೊಳ್ಳಿ

ಗುಂಪಿನ ಮುಂದೆ ಶುರು ಮಾಡಬೇಡಿ. ಗುಂಪಿನಲ್ಲಿ ಯಾರಾದರೂ ಒಬ್ಬ ಚೇಷ್ಟೆ ಮಾಡಿಯೇ ಮಾಡುತ್ತಾನೆ, ಉಳಿದವರು ನಗುತ್ತಾರೆ, ಅಲ್ಲಿಗೆ ಮುಗಿಯಿತು. ಅವರಿಗೆ ಕೆಟ್ಟ ಉದ್ದೇಶ ಇರುವುದಿಲ್ಲ. ಅವರಿಗೂ ಮುಜುಗರ.

ಬೇರೆಯವರ ಮನೆ ಸುದ್ದಿ ನಿಮ್ಮ ಹತ್ತಿರ ಆಡುವವನು ನಿಮ್ಮ ಸುದ್ದಿಯನ್ನೂ ಆಡುತ್ತಾನೆ, ಅವನನ್ನು ಬಿಡಿ. ಸಾಲದ ವ್ಯವಹಾರ ಇರುವವರು, ಕೈಕೆಳಗೆ ಕೆಲಸ ಮಾಡುವವರು, ಮೇಲಧಿಕಾರಿ, ಇವರೂ ಬೇಡ. ಎಂದಾದರೂ ತನ್ನ ಕಷ್ಟದ ಒಂದು ತುಣುಕನ್ನು ನಿಮಗೆ ತೋರಿಸಿದವನು ಇದ್ದಾನೆಯೇ ನೆನಪು ಮಾಡಿಕೊಳ್ಳಿ. ಅಪ್ಪನ ಆಪರೇಷನ್ ಹೊತ್ತಿನಲ್ಲಿ ದನಿ ನಡುಗಿದ್ದವನು ಇರಬಹುದು. ಕುಡಿಯುವುದು ಬಿಟ್ಟು ಅದನ್ನು ಮುಚ್ಚಿಡದೆ ಹೇಳಿದವನು ಇರಬಹುದು. ಅಂಥವನಿಗೆ ದಾರಿ ಅರ್ಧ ಗೊತ್ತು.

ಗೆಳೆಯನೇ ಆಗಬೇಕೆಂದಿಲ್ಲ. ಅಕ್ಕ ಇದ್ದರೆ ಅದು ಪುಣ್ಯ. ಸೋದರಮಾವ, ಚಿಕ್ಕ ವಯಸ್ಸಿನ ಕಾಕಾ, ಶಾಲೆಯಲ್ಲಿ ಕಲಿಸಿದ ಸರ್, ಯಾರಾದರೂ ಆಗಬಹುದು.

ನಾಲ್ಕನೇ ಹೆಜ್ಜೆ: ಎದುರು ಬದುರು ಕೂರಬೇಡಿ, ಜೊತೆಗೆ ನಡೆಯಿರಿ

"ಬಾ, ಕುಂತು ಮಾತಾಡೋಣು" ಎಂದರೆ ಗಂಡಸರು ಗಾಬರಿಯಾಗುತ್ತಾರೆ. ಕಣ್ಣಿಗೆ ಕಣ್ಣಿಟ್ಟು ಮನಸ್ಸಿನ ಮಾತು ಆಡುವುದು ಕಷ್ಟ. ಕೈಗೆ ಕೆಲಸ ಇದ್ದು, ಕಣ್ಣು ಬೇರೆ ಕಡೆ ಇದ್ದರೆ ಮಾತು ತಾನಾಗಿ ಬರುತ್ತದೆ. ಆಸ್ಟ್ರೇಲಿಯಾದಲ್ಲಿ 1990ರ ದಶಕದಿಂದ ಇದೇ ಲೆಕ್ಕದ ಮೇಲೆ ಗಂಡಸರ ಶೆಡ್‌ಗಳು ನಡೆಯುತ್ತಿವೆ. ನಿವೃತ್ತರು, ಕೆಲಸ ಕಳೆದುಕೊಂಡವರು ಅಲ್ಲಿ ಸೇರಿ ಕಟ್ಟಿಗೆ ಕೆಲಸ, ರಿಪೇರಿ ಕೆಲಸ ಮಾಡುತ್ತಾರೆ. ಕೆಲಸ ಮಾಡುತ್ತಾ ಮಾತಾಡುತ್ತಾರೆ.

ನಮಗೆ ಶೆಡ್ ಕಟ್ಟುವ ಕೆಲಸವೂ ಇಲ್ಲ. ಉಣಕಲ್ ಕೆರೆಯ ದಂಡೆ ಇದೆ, ನೃಪತುಂಗ ಬೆಟ್ಟ ಇದೆ, ಧಾರವಾಡದವರಿಗೆ ಕೆಲಗೇರಿ ಕೆರೆ ಇದೆ, ಗದಗದಲ್ಲಿ ಭೀಷ್ಮ ಕೆರೆ ಇದೆ. ಹಳ್ಳಿಯಲ್ಲಿ ಹೊಲಕ್ಕೆ ಹೋಗುವ ದಾರಿ ಇದೆ, ರಾತ್ರಿ ನೀರು ಹಾಯಿಸುವ ಹೊತ್ತಿದೆ. ಬೆಟಗೇರಿಯಲ್ಲಿ ಮಗ್ಗದ ಪಕ್ಕ ಕೂತು ಮಾತಾಡಿದವರಿಗೆ ಇದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಬೈಕಿನ ಹಿಂದಿನ ಸೀಟು ಕೂಡ ಒಳ್ಳೆಯ ಜಾಗ, ಮುಖ ಕಾಣುವುದಿಲ್ಲ.

ಬಾರ್ ಮಾತ್ರ ಬೇಡ. ಇದನ್ನು ಖಡಾಖಂಡಿತವಾಗಿ ಹೇಳುತ್ತೇನೆ. "ಎರಡು ಪೆಗ್ ಹಾಕಿದ್ರ ಮನಸ್ನ್ಯಾಗಿಂದು ಬರ್ತೈತಿ" ಎನ್ನುವವರು ಬಹಳ ಮಂದಿ. ಬರುತ್ತದೆ, ನಿಜ. ಆದರೆ ಮರುದಿನ ಇಬ್ಬರೂ ಅದು ನಡೆದೇ ಇಲ್ಲ ಎನ್ನುವ ಹಾಗೆ ಇರುತ್ತಾರೆ. "ಕುಡಿದಿದ್ದೆ, ಏನೋ ಅಂದೆ" ಎಂದು ಮಾತು ಅಳಿಸಿ ಹೋಗುತ್ತದೆ. ಅದೂ ಅಲ್ಲದೆ ಮದ್ಯ ಮೆದುಳಿನ ಚಟುವಟಿಕೆಯನ್ನು ಕುಗ್ಗಿಸುವ ವಸ್ತು. ಮನಸ್ಸು ಮೊದಲೇ ಕುಸಿದಿದ್ದರೆ ಅದನ್ನು ಇನ್ನಷ್ಟು ಕೆಳಗೆ ಒಯ್ಯುತ್ತದೆ, ನಿದ್ದೆ ಕೆಡಿಸುತ್ತದೆ.

ಐದನೇ ಹೆಜ್ಜೆ: ಮೊದಲ ಮಾತು

ಪೂರ್ತಿ ಕಥೆ ಮೊದಲ ದಿನವೇ ಹೇಳಬೇಕಾಗಿಲ್ಲ. ಒಂದು ವಾಕ್ಯ ಸಾಕು. ಕೆಲವು ಮಾದರಿ ಕೊಡುತ್ತೇನೆ, ನಿಮ್ಮ ಬಾಯಿಗೆ ಹೊಂದುವ ಹಾಗೆ ಬದಲಿಸಿಕೊಳ್ಳಿ.

"ಒಂದ್ ಮಾತು ಹೇಳೂದೈತಿ. ಉಪಾಯ ಹೇಳಬ್ಯಾಡ, ಸುಮ್ನ ಕೇಳು."

"ಒಂದ್ ತಿಂಗಳಾತು, ನಿದ್ದಿ ಹತ್ತವಲ್ದು. ಯಾರಿಗೂ ಹೇಳಿಲ್ಲ."

"ನಮ್ಮಪ್ಪ ಹೋದ ಮ್ಯಾಲೆ ಆರಾಮ ಅದೀನಿ ಅಂತ ಎಲ್ಲಾರಿಗೂ ಹೇಳಾಕತ್ತೀನಿ. ಆರಾಮ ಇಲ್ಲ."

ಉಪಾಯ ಬೇಡ ಎಂದು ಮೊದಲೇ ಹೇಳುವುದು ಬಹಳ ಮುಖ್ಯ. ಇಲ್ಲದಿದ್ದರೆ ಎದುರಿನವನು ಪ್ರೀತಿಯಿಂದಲೇ ವಕೀಲ, ಡಾಕ್ಟರ್, ಜ್ಯೋತಿಷಿ ಮೂವರ ನಂಬರನ್ನೂ ಕೊಟ್ಟು ಮಾತು ಮುಗಿಸುತ್ತಾನೆ.

ಅವನು ಚೇಷ್ಟೆ ಮಾಡಿದರೆ? ಮಾಡುವ ಸಾಧ್ಯತೆ ಇದೆ. "ಏನಲೇ, ಲವ್ ಫೇಲಾತೇನ್?" ಎಂದು ನಗಬಹುದು. ಅಲ್ಲಿ ನೀವೂ ನಕ್ಕು ಹಿಂದೆ ಸರಿಯಬೇಡಿ. ಸ್ವಲ್ಪ ತಡೆದು, "ಇಲ್ಲೋ, ಖರೇನ ಹೇಳಾಕತ್ತೀನಿ" ಎನ್ನಿ. ಹೆಚ್ಚಿನವರು ಎರಡನೇ ಸಲಕ್ಕೆ ಗಂಭೀರವಾಗುತ್ತಾರೆ. ಆಗಲೂ ಆಗದಿದ್ದರೆ ಅವನು ಸರಿಯಾದ ಆಯ್ಕೆ ಅಲ್ಲ. ಅವನ ಗೆಳೆತನ ಬಿಡಬೇಡಿ, ಈ ಮಾತಿಗೆ ಮಾತ್ರ ಬೇರೆಯವರನ್ನು ಹುಡುಕಿ.

ಮದುವೆಗೆ ಹುಡುಗಿ ಸಿಗದೆ ಮೂವತ್ತೈದು ದಾಟಿದ ರೈತ ತರುಣರು ನಮ್ಮ ಹಳ್ಳಿಗಳಲ್ಲಿ ಎಷ್ಟೋ ಮಂದಿ ಇದ್ದಾರೆ. ಪ್ರತಿ ಮದುವೆ ಮನೆಯಲ್ಲಿ "ನಿಂದ್ಯಾವಾಗೋ?" ಎಂಬ ಪ್ರಶ್ನೆ ಅವರಿಗೆ ತಪ್ಪಿದ್ದಲ್ಲ. ನಗುತ್ತಾ ಏನೋ ಹೇಳಿ ತಪ್ಪಿಸಿಕೊಳ್ಳುತ್ತಾರೆ. ಧಾರವಾಡದ ಸಪ್ತಾಪುರದ ರೂಮುಗಳಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರ ಪಾಡೂ ಇದೇ. ಮೂರನೇ ಸಲವೂ ಲಿಸ್ಟಿನಲ್ಲಿ ಹೆಸರಿಲ್ಲ ಎನ್ನುವುದನ್ನು ಮನೆಗೆ ಹೇಳುವುದಿಲ್ಲ, ಪಕ್ಕದ ಕಾಟಿನಲ್ಲಿ ಮಲಗುವ ರೂಮ್‌ಮೇಟಿಗೂ ಹೇಳುವುದಿಲ್ಲ. ಅವನದೂ ಅದೇ ಸ್ಥಿತಿ ಇರುತ್ತದೆ! ಇಬ್ಬರಲ್ಲಿ ಒಬ್ಬರು ಬಾಯಿಬಿಟ್ಟರೆ ಇನ್ನೊಬ್ಬರಿಗೂ ಉಸಿರು ಬರುತ್ತದೆ. ಈ ಎರಡು ಗುಂಪಿನವರಿಗೆ ನಾನು ವಿಶೇಷವಾಗಿ ಹೇಳುವುದು ಇಷ್ಟೇ, ನಿಮ್ಮಂಥದೇ ಪಾಡಿನಲ್ಲಿರುವ ಒಬ್ಬನನ್ನು ಮೊದಲು ಹುಡುಕಿ. ಅವನಿಗೆ ವಿವರಣೆ ಬೇಕಾಗುವುದಿಲ್ಲ.

ಇನ್ನೊಬ್ಬರು ಬಾಯಿಬಿಟ್ಟಾಗ ನೀವೇನು ಮಾಡಬೇಕು

ಈ ಭಾಗವೇ ಕಷ್ಟದ್ದು. ಹೇಳುವುದಕ್ಕಿಂತ ಕೇಳುವುದರಲ್ಲಿ ನಮ್ಮ ಗಂಡಸರು ಎಡವುತ್ತಾರೆ.

ನಮ್ಮ ಭೇಟಿ ಶುರುವಾಗುವುದೇ "ಆರಾಮ?" "ಹೂಂ, ಆರಾಮ" ಎಂಬ ಎರಡು ಮಾತಿನಿಂದ. ಅದು ನಮಸ್ಕಾರ ಇದ್ದ ಹಾಗೆ, ಅದರಲ್ಲಿ ಸುದ್ದಿ ಇರುವುದಿಲ್ಲ. ನಿಜವಾಗಿ ತಿಳಿಯಬೇಕಿದ್ದರೆ ಸ್ವಲ್ಪ ಹೊತ್ತು ಬಿಟ್ಟು ಎರಡನೇ ಸಲ ಕೇಳಿ. "ಅಲ್ಲೋ, ಖರೇ ಆರಾಮ ಅದಿಯೇನು? ಮಾರಿ ಯಾಕೋ ಸಣ್ಣ ಆಗೈತಿ." ಎರಡನೇ ಪ್ರಶ್ನೆಗೆ ಬರುವ ಉತ್ತರ ಬೇರೆ ಇರುತ್ತದೆ. ಅಥವಾ ಉತ್ತರವೇ ಬರುವುದಿಲ್ಲ, ಆಗಲೂ ನಿಮಗೆ ತಿಳಿಯುತ್ತದೆ.

ಅವನು ಹೇಳತೊಡಗಿದಾಗ ಈ ಮಾತುಗಳನ್ನು ನುಂಗಿಕೊಳ್ಳಿ: "ಗಂಡಸಾಗಿ ಇಷ್ಟಕ್ಕ ಹಿಂಗಾದ್ರ ಹೆಂಗ?" "ನಂದು ಕೇಳಿದ್ರ ನಿಂದೇನೂ ಅಲ್ಲ." "ಬಿಡು, ಎಲ್ಲಾ ದೇವ್ರು ನೋಡ್ಕೊಂತಾನ." ಕೊನೆಯದು ಒಳ್ಳೆಯ ಮಾತೇ. ಆದರೆ ಆ ಹೊತ್ತಿನಲ್ಲಿ ಅದು ಬಾಗಿಲು ಮುಚ್ಚುತ್ತದೆ. ಅದರ ಬದಲು ಅವನು ಹೇಳಿದ್ದನ್ನೇ ಸ್ವಲ್ಪ ಹಿಡಿದು ಕೇಳಿ. "ಆಮ್ಯಾಲೇನಾತು?" "ಅವತ್ತು ಮನಿಗೆ ಹೆಂಗ ಹೋದಿ?" "ಇಷ್ಟ್ ದಿನ ಒಬ್ನ ಇಟ್ಕೊಂಡಿದ್ದೇನು?" ಇಂಥ ಪ್ರಶ್ನೆಗಳಿಗೆ ಯಾವ ತರಬೇತಿಯೂ ಬೇಡ.

ಮೌನ ಬಂದರೆ ಬರಲಿ. ಅದನ್ನು ತುಂಬಲು ಹೋಗಬೇಡಿ. ಅವನ ಕಣ್ಣಲ್ಲಿ ನೀರು ಬಂದರೆ ಫೋನ್ ನೋಡಬೇಡಿ, ಎದ್ದು ನೀರು ತರಲು ಓಡಬೇಡಿ. ಭುಜದ ಮೇಲೆ ಕೈ ಇಡಿ. ನಮ್ಮ ಕಡೆ ಹುಡುಗರು ಜಾತ್ರೆಯಲ್ಲಿ ಹೆಗಲ ಮೇಲೆ ಕೈ ಹಾಕಿಕೊಂಡೇ ತಿರುಗುತ್ತಾರೆ, ಕಿರುಬೆರಳು ಹಿಡಿದು ನಡೆಯುತ್ತಾರೆ. ದೊಡ್ಡವರಾದ ಮೇಲೆ, ಪೇಟೆಗೆ ಬಂದ ಮೇಲೆ ಅದು ನಿಂತುಹೋಗುತ್ತದೆ. ನಿಲ್ಲಬೇಕಾದ ಕಾರಣವೇನೂ ಇಲ್ಲ.

ಎರಡು ಕೆಲಸ ತಪ್ಪಿಸಬೇಡಿ. ಒಂದು, ಕೇಳಿದ್ದು ನಿಮ್ಮಲ್ಲೇ ಇರಲಿ. ಹೆಂಡತಿಗೂ ಬೇಡ, ವಾಟ್ಸಾಪ್ ಗುಂಪಿಗಂತೂ ಬೇಡವೇ ಬೇಡ. ಒಂದು ಸಲ ಮಾತು ಹೊರಗೆ ಹೋದರೆ ಅವನು ಜನ್ಮದಲ್ಲಿ ಇನ್ನೊಬ್ಬರಿಗೆ ಹೇಳುವುದಿಲ್ಲ. ಇನ್ನೊಂದು, ಎರಡು ಮೂರು ದಿನ ಬಿಟ್ಟು ನೀವಾಗಿ ಫೋನ್ ಮಾಡಿ. ಮನಸ್ಸು ಬಿಚ್ಚಿದವನಿಗೆ ಮರುದಿನ ಭಾರಿ ನಾಚಿಕೆಯಾಗುತ್ತದೆ. "ಯಾಕರ ಹೇಳಿದೆನೋ" ಎಂದು ಕೊರಗುತ್ತಾನೆ, ನಿಮ್ಮನ್ನು ತಪ್ಪಿಸಿ ತಿರುಗುತ್ತಾನೆ. ಆಗ ನಿಮ್ಮ ಒಂದು ಫೋನ್ ಅವನನ್ನು ಉಳಿಸುತ್ತದೆ. "ನೀ ಹೇಳಿದ್ದ ತಲ್ಯಾಗ ಇತ್ತು. ಇವತ್ತ ಹೆಂಗದಿ?" ಎಂದರೆ ಸಾಕು.

ಮನೆಯೊಳಗೆ

ಹೆಂಡತಿಯ ಹತ್ತಿರ ದಿನಕ್ಕೊಮ್ಮೆ, ಊಟದ ನಂತರ, ನಿಮ್ಮ ದಿನದ ಒಂದು ಸಂಗತಿ ಹೇಳಿ. ಅದರಲ್ಲಿ ನಿಮಗೆ ಏನನಿಸಿತು ಎಂಬುದು ಇರಲಿ. ನಂತರ ಅವರದನ್ನು ಕೇಳಿ. ಅವರು ಹೇಳುವಾಗ ಪರಿಹಾರ ಕೊಡಬೇಡಿ. ಇಷ್ಟೇ.

ಅಪ್ಪ ಮಗನ ವಿಷಯ ಉದ್ದ ಇದೆ. ಹುಬ್ಬಳ್ಳಿಯಿಂದ ಬೆಂಗಳೂರಿಗೋ ಪುಣೆಗೋ ಹೋದ ಮಗ ಊರಿಗೆ ಫೋನ್ ಮಾಡುತ್ತಾನೆ. ಅಪ್ಪ ಎತ್ತುತ್ತಾರೆ. "ಊಟ ಆತೇನು?" "ಆತು." "ಮಳಿ ಐತೇನು?" "ಇಲ್ಲ." "ತಡಿ, ನಿಮ್ಮವ್ವನ ಕೈಯಾಗ ಕೊಡ್ತೀನಿ." ಇಲ್ಲಿಗೆ ಅಪ್ಪನ ಜೊತೆ ಮಾತು ಮುಗಿಯಿತು. ಪ್ರೀತಿ ಇಲ್ಲವೆಂದಲ್ಲ. ಆ ಅಪ್ಪನೇ ಬಸ್‌ಸ್ಟ್ಯಾಂಡಿಗೆ ಬಂದು, ಬಸ್ಸು ಹೊರಡುವವರೆಗೆ ಕಿಟಕಿ ಕೆಳಗೆ ನಿಂತಿರುತ್ತಾರೆ.

ಮಗನಾದವನು ಹೀಗೆ ಮಾಡಬಹುದು. ಅವ್ವ ಪಕ್ಕದಲ್ಲಿ ಇಲ್ಲದ ಹೊತ್ತು ನೋಡಿ ಅಪ್ಪನಿಗೇ ಫೋನ್ ಮಾಡಿ. ಹೊಲದಲ್ಲಿರುವ ಹೊತ್ತು ಒಳ್ಳೆಯದು. "ಹೆಂಗದಿ?" ಎಂದು ಕೇಳಿದರೆ "ಆರಾಮ" ಎಂದೇ ಬರುತ್ತದೆ. ಅದರ ಬದಲು ಹಳೆಯದನ್ನು ಕೇಳಿ. "ಅಪ್ಪಾ, ನೀ ನನ್ನ ವಯಸ್ಸಿನ್ಯಾಗ ಇದ್ದಾಗ ಮನಿ ಹೆಂಗ ನಡೆಸ್ತಿದ್ದಿ?" "ಅಜ್ಜ ತೀರಿಕೊಂಡಾಗ ನೀ ಎಲ್ಲಿದ್ದಿ?" ಅಪ್ಪಂದಿರು ಇವತ್ತಿನ ಅಂಜಿಕೆ ಹೇಳುವುದಿಲ್ಲ, ಮೂವತ್ತು ವರ್ಷದ ಹಿಂದಿನ ಅಂಜಿಕೆ ಹೇಳುತ್ತಾರೆ. ಅಲ್ಲಿಂದ ಇಲ್ಲಿಗೆ ಬರಲು ಸಮಯ ಬೇಕು. ಅವಸರ ಮಾಡಬೇಡಿ.

ಅಪ್ಪನಾದವನು ಮೊದಲು ತನ್ನ ಸೋಲೊಂದನ್ನು ಮಗನಿಗೆ ಹೇಳಲಿ. ಅಪ್ಪ ಎಂದೂ ಸೋತೇ ಇಲ್ಲ ಎಂದು ತಿಳಿದ ಮಗ ತನ್ನ ಸೋಲನ್ನು ಅವನ ಮುಂದೆ ತರುವುದಿಲ್ಲ.

ಸಣ್ಣ ಹುಡುಗರ ವಿಷಯದಲ್ಲಿ ಕೆಲಸ ಸುಲಭ, ಬೇಗ ಶುರು ಮಾಡಬೇಕು ಅಷ್ಟೇ. ನಿಯೋಬಿ ವೇ ಎಂಬ ಅಮೆರಿಕದ ಸಂಶೋಧಕಿ ಹದಿಹರೆಯದ ಹುಡುಗರನ್ನು ವರ್ಷಗಟ್ಟಲೆ ಮಾತಾಡಿಸಿದ್ದಾರೆ. ಹದಿಮೂರು ಹದಿನಾಲ್ಕರಲ್ಲಿ ಆ ಹುಡುಗರು ಗೆಳೆಯನ ಬಗ್ಗೆ, ಗುಟ್ಟು ಹಂಚಿಕೊಳ್ಳುವುದರ ಬಗ್ಗೆ ತುಂಬಾ ಪ್ರೀತಿಯಿಂದ ಮಾತಾಡುತ್ತಿದ್ದರು. ಹದಿನಾರು ಹದಿನೇಳಾಗುವ ಹೊತ್ತಿಗೆ ಅದೇ ಹುಡುಗರು ದೂರ ಸರಿದಿದ್ದರು, ಗಂಡಸಾಗಿ ಕಾಣಬೇಕಲ್ಲ ಎಂದು. ಅಂದರೆ ಹತ್ತಿರ ಆಗುವ ಗುಣ ಹುಡುಗರಲ್ಲಿ ಇದ್ದೇ ಇರುತ್ತದೆ, ನಾವು ಬಿಡಿಸುತ್ತೇವೆ. ಹುಡುಗ ಅಳುತ್ತಾ ಬಂದರೆ "ನೋವಾತೇನು? ಬಾ ಇಲ್ಲಿ" ಎನ್ನಿ. ಅವನ ಗೆಳೆಯ ಊರು ಬಿಟ್ಟು ಹೋದರೆ "ಬ್ಯಾರೆ ಗೆಳ್ಯಾ ಸಿಗ್ತಾನ ಬಿಡು" ಎನ್ನಬೇಡಿ. ಅವನಿಗೆ ಅದು ದುಃಖ.

ಮಾತು ಸಾಲದೆ ಹೋದಾಗ

ಗೆಳೆಯ ಡಾಕ್ಟರ್ ಅಲ್ಲ. ಎರಡು ವಾರಕ್ಕೂ ಹೆಚ್ಚು ದಿನ ನಿದ್ದೆ, ಊಟ ಕೆಟ್ಟಿದ್ದರೆ, ಯಾವುದರಲ್ಲೂ ಮನಸ್ಸಿಲ್ಲದಿದ್ದರೆ, ಕುಡಿತ ಏರಿದ್ದರೆ, "ನಾ ಇದ್ರೇನು, ಹೋದ್ರೇನು" ಎಂಬ ಮಾತು ಬರುತ್ತಿದ್ದರೆ ತಜ್ಞರ ಸಹಾಯ ಬೇಕು. ಆ ಕೊನೆಯ ಮಾತು ಕೇಳಿದರೆ ನೇರವಾಗಿ ಕೇಳಿ: "ಜೀವಾ ಕಳ್ಕೊಳ್ಳೂ ವಿಚಾರ ಬರಾಕತ್ತೈತೇನು?" ಹಾಗೆ ಕೇಳಿದರೆ ಇಲ್ಲದ ವಿಚಾರ ತಲೆಗೆ ಹಾಕಿದಂತಾಗುತ್ತದೆ ಎಂದು ಅಂಜುತ್ತಾರೆ. ಹಾಗಾಗುವುದಿಲ್ಲ. ಕೇಳಿದಾಗ ಅವನಿಗೆ ಹಗುರ ಆಗುತ್ತದೆ. 'ಹೌದು' ಎಂದರೆ ಅವನನ್ನು ಒಬ್ಬನನ್ನೇ ಬಿಡಬೇಡಿ. ರೈತರ ಮನೆಯಾದರೆ ಕ್ರಿಮಿನಾಶಕದ ಡಬ್ಬಿಗಳನ್ನು ಆ ದಿನವೇ ಬೇರೆ ಮನೆಗೆ ಸಾಗಿಸಿ, ಬೀಗದಲ್ಲಿ ಇಡಿಸಿ. ಆ ಕೆಟ್ಟ ಗಳಿಗೆ ದಾಟಿದರೆ ಬದುಕಿ ಉಳಿಯುವವರು ಬಹಳ.

14416 ಟೆಲಿ ಮನಸ್ ಸಹಾಯವಾಣಿ. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ್ದು. ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ನಂಬರನ್ನು ಈಗಲೇ ಫೋನಿನಲ್ಲಿ ಇಟ್ಟುಕೊಳ್ಳಿ. ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ, ಬ್ರಿಟಿಷರ ಕಾಲದಿಂದ ಇರುವ ಮಾನಸಿಕ ಆಸ್ಪತ್ರೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಹುಬ್ಬಳ್ಳಿಯವರಿಗೆ ಕಿಮ್ಸ್ (ಈಗಿನ ಹೆಸರು ಕೆಎಂಸಿಆರ್‌ಐ), ಗದಗದವರಿಗೆ ಜಿಮ್ಸ್, ಹಾವೇರಿಯವರಿಗೆ ಜಿಲ್ಲಾಸ್ಪತ್ರೆ ಹತ್ತಿರ. "ಡಿಮ್ಹಾನ್ಸಿಗೆ ಹೋದ್ರ ಹುಚ್ಚ ಅಂತಾರ" ಎಂಬ ಅಂಜಿಕೆ ಇನ್ನೂ ಇದೆ. ನಿದ್ದೆ ಬಾರದವರು, ಕುಡಿತ ಬಿಡಬೇಕೆಂದವರು, ಪರೀಕ್ಷೆಯ ಒತ್ತಡದ ಹುಡುಗರು ಎಲ್ಲರಿಗೂ ಅಲ್ಲಿ ಚಿಕಿತ್ಸೆ ಇದೆ. ಒಬ್ಬನೇ ಹೋಗು ಎಂದು ಕಳಿಸಬೇಡಿ, ಜೊತೆಗೆ ಹೋಗಿ. ಚೀಟಿ ಮಾಡಿಸುವ ಸಾಲಿನಲ್ಲಿ ನೀವು ನಿಲ್ಲಿ.

ಕಾನೂನಿನ ಭಯವೂ ಬೇಡ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಆತ್ಮಹತ್ಯೆಗೆ ಯತ್ನಿಸಿದ ವ್ಯಕ್ತಿ ಬೇರೆ ರೀತಿ ಸಾಬೀತಾಗದ ಹೊರತು ತೀವ್ರ ಒತ್ತಡದಲ್ಲಿದ್ದ ಎಂದೇ ತಿಳಿಯಬೇಕು, ಶಿಕ್ಷಿಸುವಂತಿಲ್ಲ. ಚಿಕಿತ್ಸೆಯ ವಿಷಯ ಗುಟ್ಟಾಗಿ ಇಡಬೇಕೆಂದೂ ಅದೇ ಕಾಯ್ದೆ ಹೇಳುತ್ತದೆ.

ಬಿಟ್ಟು ಹೋದರೆ ಮತ್ತೆ ಹಿಡಿಯಿರಿ

ಎರಡು ಮೂರು ಭೇಟಿಯ ನಂತರ ಸುಗ್ಗಿ ಬರುತ್ತದೆ, ಮದುವೆ ಸೀಸನ್ ಬರುತ್ತದೆ, ಕೆಲಸದ ಪಾಳಿ ಬದಲಾಗುತ್ತದೆ. ನಾಲ್ಕು ತಿಂಗಳು ಮಾತೇ ಆಗುವುದಿಲ್ಲ. ಆಗ ಗಂಡಸರು ತಾವಾಗಿ ಫೋನ್ ಮಾಡಲು ಹಿಂಜರಿಯುತ್ತಾರೆ. "ಅವಗ ಬೇಕಾಗಿದ್ರ ಅವನ ಮಾಡ್ತಿದ್ದ" ಎಂದುಕೊಳ್ಳುತ್ತಾರೆ. ಆ ಕಡೆಯವನೂ ಅದನ್ನೇ ಅಂದುಕೊಂಡಿರುತ್ತಾನೆ.

ಇದಕ್ಕೆ ಸುಲಭದ ದಾರಿ, ಭೇಟಿಯನ್ನು ಯಾವುದಾದರೂ ಕಾಯಂ ಕೆಲಸಕ್ಕೆ ಕಟ್ಟಿಹಾಕುವುದು. ತಿಂಗಳ ಮೊದಲ ರವಿವಾರ ಸಿದ್ಧಾರೂಢ ಮಠಕ್ಕೆ ಹೋಗುವುದು, ಅಮಾವಾಸ್ಯೆಗೆ ದೇವರಗುಡ್ಡಕ್ಕೆ ಹೋಗುವುದು, ವಾರದ ಸಂತೆಗೆ ಕೂಡಿ ಹೋಗುವುದು, ಏನಾದರೂ ಆಗಬಹುದು. ಆಗ ಮಾತಾಡಲೆಂದೇ ಸೇರುವ ಮುಜುಗರ ಇರುವುದಿಲ್ಲ. ಕೆಲವು ಸಲ ಮನಸ್ಸಿನ ಮಾತು ಬರುತ್ತದೆ, ಕೆಲವು ಸಲ ಬರೀ ಊರ ಸುದ್ದಿ. ಎರಡೂ ಬೇಕು.

ಬಹಳ ದಿನ ಬಿಟ್ಟಿದ್ದರೆ ಕಾರಣ ಕೊಡುತ್ತಾ ಕೂರಬೇಡಿ. "ಲೇ ದೋಸ್ತ, ಬಾಳ ದಿನಾ ಆತು. ರವಿವಾರ ಮುಂಜಾನೆ ನೃಪತುಂಗ ಬೆಟ್ಟಕ್ಕ ಬರ್ತಿಯೇನು?" ಎಂದು ಕೇಳಿ. ಫೋನ್ ಎತ್ತದಿದ್ದರೆ ಒಂದು ವಾರ ಬಿಟ್ಟು ಇನ್ನೊಮ್ಮೆ ಮಾಡಿ. ಆಗಲೂ ಎತ್ತದಿದ್ದರೆ ಮನೆಗೇ ಹೋಗಿ ಬನ್ನಿ.